ಎರಡು ಬ್ರೇಕಿನ ಪಾಠ

೨೦೧೯ರ ಆಗಸ್ಟ್ ೬, ಮಂಗಳವಾರ, ಬೆಳಗ್ಗೆ ೧೧ ಗಂಟೆ ೪೦ ನಿಮಿಷಕ್ಕೆ ಜೀವಶಾಸ್ತ್ರದ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ತೊಂದರೆ ಶುರುವಾದದ್ದು ಅಲ್ಲಿಂದ.

ಮೂರು ವರ್ಷದಿಂದ ಅವರದು ತಾತ್ಕಾಲಿಕ ಕೆಲಸ. ಅದನ್ನು ಕಾಯಂ ಮಾಡುವ ಆದೇಶಕ್ಕೆ ಅಂದು ಹನ್ನೆರಡರೊಳಗೆ ಪ್ರಾಂಶುಪಾಲರು ಸಹಿ ಹಾಕುವವರಿದ್ದರು. "ಅಲ್ಲಿವರೆಗೆ ಗಲಾಟೆ ಮಾತ್ರ ಬೇಡ ಮೇಷ್ಟ್ರೇ," ಎಂದು ಎಚ್ಚರಿಸಿಯೂ ಇದ್ದರು.

ಕೋಶ ವಿಭಜನೆಗೆ ಕಡಿವಾಣ ಹಾಕುವ ಜೀನುಗಳ ಪಾಠ. ತರಗತಿ ತೂಕಡಿಸುತ್ತಿತ್ತು. ಮೇಷ್ಟ್ರು ಒಬ್ಬ ಹುಡುಗಿಗೂ ಒಬ್ಬ ಹುಡುಗನಿಗೂ ಸೀಟಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿ, ಮೊದಲ ಬೆಂಚಿನ ಕನ್ನಡಕದವಳನ್ನು ಎಬ್ಬಿಸಿದರು.

"ನೀನೊಂದು ಕೋಶ. ನಿಮಿಷಕ್ಕೊಮ್ಮೆ ಪ್ರತಿ ಕೋಶವೂ ಇನ್ನೊಬ್ಬರನ್ನ ಕೈಹಿಡಿದು ಎಳ್ಕೊಂಡು ಬರಬೇಕು. ಒಂದು ಎರಡಾಗುತ್ತೆ, ಎರಡು ನಾಲ್ಕು. ಬಾಗಿಲಲ್ಲಿರೋ ಇವರಿಬ್ಬರು ಬ್ರೇಕು ಹಾಕೋ ಜೀನುಗಳು. ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಯಾರಾದ್ರೂ ಎಡವಿದ್ರೆ ಕೋಶಕ್ಕೆ ಹಾನಿ ಆಯ್ತು ಅಂತ ಸೀಟಿ ಊದ್ತಾರೆ. ಸೀಟಿಗೆ ಮಾತ್ರ ನಿಲ್ಲಬೇಕು. ನಾನೇ ಕೂಗಿದ್ರೂ ಕೇಳಬಾರದು!"

ಎಂಟು ಕೋಶಗಳಾಗುವಷ್ಟರಲ್ಲಿ ಆಟದ ಮೇಷ್ಟ್ರು ತಲೆ ಹಾಕಿದರು. "ವಾಲಿಬಾಲ್ ಪಂದ್ಯ ಇದೆ, ನಡಿಯಮ್ಮ," ಎಂದು ತಾಯಿ ಬ್ರೇಕನ್ನು ಕರೆದೊಯ್ದರು.

"ಚಿಂತೆಯಿಲ್ಲ, ಒಂದು ಹೋದ್ರೆ ಇನ್ನೊಂದು ಸಾಕು," ಎಂದರು ಜೀವಶಾಸ್ತ್ರದ ಮೇಷ್ಟ್ರು.

"ಎರಡೂ ಹೋದ್ರೆ ಸಾರ್?"

"ಕ್ಯಾನ್ಸರಿಗೆ ದಾರಿ. ಆದ್ರೆ ಅಷ್ಟು ಸುಲಭಕ್ಕೆ ಎರಡೂ ಕೆಡಲ್ಲ."

ಆಗಲೇ ಗ್ರಂಥಪಾಲಕಿ ಬಂದರು. ತಂದೆ ಬ್ರೇಕು ನಾಲ್ಕು ತಿಂಗಳಿಂದ ಪುಸ್ತಕ ಹಿಂದಿರುಗಿಸಿರಲಿಲ್ಲ. ಅವನನ್ನು ಸೀಟಿ ಸಮೇತ ಎಳೆದೊಯ್ದರು.

ತರಗತಿ ಖಾಲಿಯಾಯಿತು. ಕೋಶಗಳು ಒಲೆಯ ಮೇಲೆ ಮರೆತ ಹಾಲಿನಂತೆ ಬಾಗಿಲು ದಾಟಿ ಉಕ್ಕಿದವು. ಆರು ಜನ ಎಡವಿ ಬಿದ್ದರು, ಊದುವವರೇ ಇರಲಿಲ್ಲ.

"ಸಾಕು, ನಿಲ್ಲಿಸ್ರೋ!"

"ನಿಮ್ಮ ಮಾತು ಕೇಳಬಾರದು ಅಂತ ನೀವೇ ಹೇಳಿದ್ರಲ್ಲ ಸಾರ್!"

"ಈಗ ಕೇಳಿ ಅಂತಾನೂ ನಾನೇ ಹೇಳ್ತಿದೀನಿ!"

"ನೀವು ಬ್ರೇಕಲ್ಲ ಸಾರ್!"

ಪಕ್ಕದ ಗಣಿತದ ತರಗತಿ ಬೆಂಚು ಬೆಂಚೇ ಎದ್ದು ಬಂತು. "ಮೇಷ್ಟ್ರೇ, ಇದೇ ಲೆಕ್ಕದಲ್ಲಿ ಹೋದ್ರೆ ಇನ್ನು ಹತ್ತು ನಿಮಿಷಕ್ಕೆ ಊರೇ ಸಾಲದು," ಎಂದು ಗಣಿತದ ಮೇಡಂ ಸೀಮೆಸುಣ್ಣ ಹಿಡಿದೇ ಎಳೆಸಿಕೊಂಡು ಹೋದರು. ಗುಮಾಸ್ತ ಬಂದ, ನಲ್ಲಿ ರಿಪೇರಿಯವನು ಸ್ಪ್ಯಾನರ್ ಸಮೇತ ಬಂದ. ಕನ್ನಡಕದವಳು ಪ್ರಾಂಶುಪಾಲರ ಕೋಣೆಗೇ ನುಗ್ಗಿ, ಆದೇಶದ ಮೇಲೆ ಪೆನ್ನು ಊರಿದ್ದವರನ್ನು ಎಬ್ಬಿಸಿ, ಬ್ರೇಕು ಜೀನಿನ ಪಾಠ ಒಪ್ಪಿಸುತ್ತಲೇ ಎಳೆದು ತಂದಳು.

ಮೇಷ್ಟ್ರು ಗ್ರಂಥಾಲಯಕ್ಕೆ ಓಡಿದರು. "ಆ ಸೀಟಿ ಕೊಡಿ ಮೇಡಂ!"

"ಮೆತ್ತಗೆ ಮಾತಾಡಿ. ಮೊದಲು ರಿಜಿಸ್ಟರಲ್ಲಿ ಬರೀರಿ."

ಬರೆದು, ಕಸಿದು, ಅಂಗಳಕ್ಕೆ ಬಂದು ಕಣ್ಣುಗುಡ್ಡೆ ಹೊರಬರುವಂತೆ ಊದಿದರು. ಎಲ್ಲರೂ ನಿಂತಲ್ಲೇ ಗೊಂಬೆಯಾದರು. ಒಂಟಿಕಾಲಲ್ಲಿ ನಿಂತಿದ್ದ ಪ್ರಾಂಶುಪಾಲರು ಗಟ್ಟಿಯಾಗಿ ನಕ್ಕರು.

"ಭೇಷ್ ಮೇಷ್ಟ್ರೇ! ನನಗೆ ಜೀವಶಾಸ್ತ್ರ ಅರ್ಥವಾದದ್ದು ಇವತ್ತೇ. ಒಂದೇ ಸಂಶಯ. ಹಾನಿ ರಿಪೇರಿ ಆಗದಿದ್ರೆ ಈ ಜೀನು ಏನು ಮಾಡುತ್ತೆ?"

ಮೇಷ್ಟ್ರ ಎದೆ ಉಬ್ಬಿತು. "ಆ ಕೋಶ ತಾನಾಗೇ ಸಾಯೋ ಹಾಗೆ ಮಾಡುತ್ತೆ ಸಾರ್. ಹಟ ಇಲ್ಲ, ಗದ್ದಲ ಇಲ್ಲ. ಒಂದು ಹೋದ್ರೂ ಇಡೀ ದೇಹ ಉಳಿಯುತ್ತೆ!"

"ಎಷ್ಟು ಚೆನ್ನಾಗಿದೆ!" ಪ್ರಾಂಶುಪಾಲರು ಅವರ ಹೆಗಲ ಮೇಲೆ ಕೈಯಿಟ್ಟು, ಪೆನ್ನು ಮುಂದೆ ಹಿಡಿದರು. "ಹಾಗಾದ್ರೆ ಗದ್ದಲ ಇಲ್ಲದೆ ಒಂದು ರಾಜೀನಾಮೆ ಬರೆದುಕೊಡಿ."

ಗುಮಾಸ್ತ ಅಂಗಳದಲ್ಲಿದ್ದ ಕೋಶಗಳನ್ನು ಎಣಿಸಿದ: ೧೨೮. ಆಟ ನಡೆದದ್ದು ಒಟ್ಟು ೭ ನಿಮಿಷ.