ಎಮ್ಮೆಯ ಜಾಗದಲ್ಲಿ ಮಂಚ

ಬಾಡಿಗೆ ಮನೆಯಲ್ಲಿ ಬಾಳಿದ ಯಾರನ್ನಾದರೂ ಕೇಳಿ, ಹೇಳಿಕೊಂಡು ನಗಲು ಏನಾದರೊಂದು ಇದ್ದೇ ಇರುತ್ತದೆ. ನನ್ನ ಪಾಲಿಗೆ ಎಮ್ಮೆ ಬಂತು.

ನಾನು ಹುಟ್ಟಿ ಬೆಳೆದದ್ದು ಚಿಕ್ಕಪ್ಪ, ದೊಡ್ಡಪ್ಪ, ಅವರ ಮಕ್ಕಳು, ಅವರ ನೆಂಟರು ಎಲ್ಲ ತುಂಬಿಕೊಂಡಿದ್ದ ಮನೆಯಲ್ಲಿ. ತಲೆ ಬಾಚಿಕೊಳ್ಳಲೂ ಒಂದು ಮೂಲೆ ಸಿಗುತ್ತಿರಲಿಲ್ಲ. ಹಾಗಾಗಿ ಮದುವೆಯಾಗುವಾಗ ನನಗಿದ್ದ ಆಸೆ ಒಂದೇ: ನಮ್ಮಿಬ್ಬರದೇ ಒಂದು ಮನೆ ಬೇಕು, ಕೇಳದೆ ಯಾರೂ ಅದರೊಳಗೆ ಕಾಲಿಡಬಾರದು. ನಮ್ಮ ಯಜಮಾನರು ಪಶು ಆಸ್ಪತ್ರೆಯಲ್ಲಿ ಸ್ಟಾಕ್‌ಮನ್, ಅಂದರೆ ಡಾಕ್ಟರ ಕೈಕೆಳಗಿನ ಸಹಾಯಕ. ಹಳ್ಳಿಯವರ ಬಾಯಲ್ಲಿ ಮಾತ್ರ ಡಾಕ್ಟ್ರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ಅವರನ್ನು ಅಜ್ಜಂಪುರದ ಆಚೆ ಒಂದು ಹಳ್ಳಿಗೆ ಹಾಕಿದರು. "ಬಹಳ ಪ್ರಶಾಂತವಾದ ಊರು ಕಣೇ. ದಿನಕ್ಕೆ ಎರಡೇ ಬಸ್ಸು. ನಮ್ಮ ಪಾಡಿಗೆ ನಾವಿರಬಹುದು" ಎಂದರು. ನಂಬಿ ಟ್ರಂಕು ಕಟ್ಟಿದೆ.

ಪೂರ್ತಿ ನಿಮ್ದೇ

ಮನೆಯೊಡತಿ ಒಬ್ಬ ಅಜ್ಜಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಮಗ ಊರಾಚೆ ತಾರಸಿ ಮನೆ ಕಟ್ಟಿಸಿ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಊರೊಳಗಿನ ಹಳೇ ಹೆಂಚಿನ ಮನೆಗೆ ದೀಪ ಹಚ್ಚುವವರು ಬೇಕಾಗಿತ್ತು.

ಅಜ್ಜಿ ನಮ್ಮನ್ನು ಪರೀಕ್ಷೆ ಮಾಡಿದ ರೀತಿ ನೋಡಬೇಕಿತ್ತು. ಬಾಡಿಗೆಯ ಮಾತೇ ಇಲ್ಲ. "ರೊಟ್ಟಿ ಬಡಿಯಕ್ಕೆ ಬತ್ತದೇನವ್ವ? ಮೊಸರು ಕಡೀತೀಯಾ? ಸಂಜೆಹೊತ್ತು ಮಲಗೋ ಅಭ್ಯಾಸ ಇಲ್ಲ ತಾನೆ?" ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟೆ, ಅರ್ಧ ಸುಳ್ಳು.

ಕೊನೆಗೆ ನಾನೇ ಧೈರ್ಯ ಮಾಡಿ ಕೇಳಿದೆ. "ಅಜ್ಜೀ, ಮನೆ ಪೂರ್ತಿ ನಮಗೇ ತಾನೆ?"

"ಪೂರ್ತಿ ನಿಮ್ದೇ ಕಣವ್ವ. ದೇವರ ಗೂಡು ಒಂದು ನಮ್ದು, ನಾನೇ ಬಂದು ದೀಪ ಹಚ್ತೀನಿ. ಹಿಂದಲ ಬಾಗ್ಲು ನಮ್ದು, ಬೀಗದಕೈ ನನ್ತಾವ ಇರ್ತದೆ. ಬೀಸೋ ಕಲ್ಲು ಮಾತ್ರ ಬೀದಿಯೋರದ್ದು, ಅವ್ರು ಬಂದು ಬೀಸ್ಕಂಡು ಹೋಗ್ತಾರೆ. ಇನ್ನೆಲ್ಲ ನಿಮ್ದೇ."

ಹೊರಗೆ ಬಂದ ಮೇಲೆ ಯಜಮಾನರು ಸಮಾಧಾನ ಮಾಡಿದರು. "ಬಚ್ಚಲ ಬಗ್ಗೆ ಏನೂ ಹೇಳಲಿಲ್ಲ ನೋಡು."

ಮೊದಲ ಸಂಜೆ

ಆ ಮನೆಯ ನಡುಮನೆ ಎರಡು ಭಾಗ. ಒಂದು ಕಡೆ ಜನ ಕೂರುವ ಜಾಗ, ಇನ್ನೊಂದು ಕಡೆ ಗೇಣುದ್ದ ತಗ್ಗಿನಲ್ಲಿ ಒಂದು ಅಂಕಣ. ಒಂದು ಕಾಲದಲ್ಲಿ ಅಲ್ಲಿ ದನ ಕಟ್ಟುತ್ತಿದ್ದರಂತೆ. ನಾನು ಅದನ್ನು ತಿಕ್ಕಿ ತೊಳೆದು, ಸಾರಿಸಿ, ತವರಿನವರು ಕೊಟ್ಟ ಮಂಚವನ್ನು ಅಲ್ಲಿ ಹಾಕಿದೆ. ಮೇಲೆ ಹೂವಿನ ಚಾದರ.

ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆಗೆದು ಅಡುಗೆಮನೆಗೆ ಹೋಗಿದ್ದೆ. ಧಪ್ ಧಪ್ ಎಂದು ಸದ್ದಾಯಿತು. ಯಜಮಾನರು ಬಂದರು ಅಂದುಕೊಂಡೆ. ಅವರು ಅಷ್ಟು ಭಾರವಾಗಿ ನಡೆಯುವವರಲ್ಲ ಅನ್ನುವುದು ಆಮೇಲೆ ಹೊಳೆಯಿತು. ಇಣುಕಿದರೆ, ಕೊಂಬು ಬಾಗಿಸಿಕೊಂಡು ಹೊಸಿಲು ದಾಟಿ ಬಂದ ಎಮ್ಮೆಯೊಂದು ನನ್ನ ಮಂಚದ ಎದುರು ನಿಂತು, ಹೂವಿನ ಚಾದರವನ್ನು ಮೂಸುತ್ತಿದೆ!

ನಾನು ಕಿರುಚಿದ್ದಕ್ಕೆ ಎಮ್ಮೆ ಕಿವಿ ಕೂಡ ಆಡಿಸಲಿಲ್ಲ. ಬೀದಿಯ ಕೊನೆಯಿಂದ ಯಜಮಾನರು ಓಡಿ ಬಂದರು. ಹೋಬಳಿಯ ದನಗಳಿಗೆಲ್ಲ ಸೂಜಿ ಚುಚ್ಚುವ ಮನುಷ್ಯ, ಈ ಎಮ್ಮೆಯನ್ನು ಒಂದು ಹೆಜ್ಜೆ ಅಲ್ಲಾಡಿಸಲಾರದೆ ಬೆವತರು. ಅಷ್ಟರಲ್ಲಿ ಕೈಯಲ್ಲಿ ಹಗ್ಗ ಹಿಡಿದು ಅಜ್ಜಿ ಬಂದರು. ಎಮ್ಮೆ ಅವರದೇ. ಈ ಮನೆಯಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಇಲ್ಲೇ ಈದದ್ದು. ಮೇಯಲು ಹೋದದ್ದು ಹೊಸ ಮನೆಗೆ ಹೋಗದೆ ಹಳೇ ಮನೆಗೇ ಬಂದಿತ್ತು.

ಅಜ್ಜಿ ಈಗ ಎಮ್ಮೆಗೆ ನಾಲ್ಕು ಬಯ್ಯುತ್ತಾರೆ, ನಮಗೆ ಒಂದಿಷ್ಟು ಸಮಾಧಾನ ಹೇಳುತ್ತಾರೆ ಅಂದುಕೊಂಡೆ. ಅವರು ಮಂಚ ನೋಡಿದರು, ಎಮ್ಮೆಯ ಮುಖ ನೋಡಿದರು, ನನ್ನ ಕಡೆ ತಿರುಗಿದರು.

"ಅದರ ಜಾಗದಾಗೆ ಮಂಚ ಹಾಕಿದ್ರೆ ಅದಾದ್ರೂ ಎಲ್ಲಿಗೆ ಹೋಗ್ತದೆ ತಾಯಿ?"

ಒಳರೋಗಿ

ಮಂಚ ಸರಿಸಿದೆವು. ಇನ್ನೇನು ಮಾಡುವುದು? ದಿನಾ ಸಂಜೆ ಎಮ್ಮೆ ಬರುವುದು, ತನ್ನ ಜಾಗದಲ್ಲಿ ನಿಲ್ಲುವುದು, ಹಿಂದೆಯೇ ಹಗ್ಗ ಹಿಡಿದು ಅಜ್ಜಿ ಬರುವುದು, ಗೂಡಿಗೆ ದೀಪ ಹಚ್ಚಿ, ಒಂದು ಗಳಿಗೆ ಕೂತು, ಅದನ್ನು ಹೊಡೆದುಕೊಂಡು ಹೋಗುವುದು.

ಒಂದು ಸಂಜೆ ಚೌಳಹಿರಿಯೂರು ಕಡೆಯ ರೈತನೊಬ್ಬ ಕುಂಟುವ ಹೋರಿಯನ್ನು ಹಿಡಿದುಕೊಂಡು ಬಂದ. ಬಾಗಿಲಲ್ಲಿ ನಿಂತು ಒಳಗೆ ನೋಡಿದವನ ಮುಖ ಗಂಟಾಯಿತು.

"ಹೋರೀನ ಹೊರಗೆ ಕಟ್ಟಪ್ಪಾ, ಬಂದು ನೋಡ್ತೀನಿ" ಎಂದರು ಯಜಮಾನರು.

"ಯಾಕ್ರೀ ಡಾಕ್ಟ್ರೇ? ಆ ಎಮ್ಮೇನ ಮನೆಯೊಳಗೇ ಅಡ್ಮಿಟ್ ಮಾಡ್ಕಂಡಿದೀರಿ, ನಮ್ಮದು ಹೊರಗೆ ನಿಲ್ಬೇಕಾ?"

"ಅದಕ್ಕೆ ಕಾಯಿಲೆ ಏನೂ ಇಲ್ಲವಯ್ಯಾ!"

"ನೋಡ್ರಿ ಮತ್ತೆ! ಕಾಯಿಲೆ ಇಲ್ದೇ ಇರೋದಕ್ಕೇ ಇಷ್ಟು ಉಪಚಾರ ಮಾಡ್ತೀರಿ. ನಮ್ಮದಕ್ಕೆ ಕಾಲೇ ಊರಕ್ಕಾಗಲ್ಲ ಕಣ್ರೀ."

ಯಜಮಾನರು ಪಕ್ಕಕ್ಕೆ ಸರಿದು ಹೋರಿಗೂ ದಾರಿ ಬಿಟ್ಟರು. ಆ ಸಂಜೆ ನಡುಮನೆಯಲ್ಲಿ ಎಮ್ಮೆ, ಹೋರಿ, ಅಜ್ಜಿ, ರೈತ ಎಲ್ಲರೂ ಇದ್ದರು. ಮನೆ ಬಾಡಿಗೆಗೆ ಹಿಡಿದ ನಾವಿಬ್ಬರು ಬಚ್ಚಲ ಬಾಗಿಲಲ್ಲಿ ನಿಂತಿದ್ದೆವು.

ಅಗಳಿ

ನನಗೆ ತಡೆಯಲಾಗಲಿಲ್ಲ. "ಇದು ಮನೆಯೋ ದೊಡ್ಡಿಯೋ?" ಎಂದು ಯಜಮಾನರ ಮೇಲೆ ಹಾರಾಡಿದೆ. ಮರುದಿನ ಸಂಜೆಯಾಗುತ್ತಲೇ ಅವರು ಮುಂಬಾಗಿಲು ಹಾಕಿ ಅಗಳಿ ಜಡಿದರು. ಮದುವೆಯಾದ ಮೇಲೆ ಮೊದಲ ಸಲ ಆ ನಡುಮನೆಯಲ್ಲಿ ನಾವಿಬ್ಬರೇ ಕೂತೆವು.

ದೀಪ ಹಚ್ಚುವ ಹೊತ್ತಿನಲ್ಲಿ ಬಾಗಿಲು ಹಾಕಿದ ಮನೆಯನ್ನು ಆ ಬೀದಿ ನೋಡಿಯೇ ಇರಲಿಲ್ಲ. ಹೊರಗೆ ಎಮ್ಮೆ ಕೂಗತೊಡಗಿತು. ಅದರ ಕೂಗಿಗೆ ಪಕ್ಕದ ಮನೆಯವರು ಬಂದರು, ಅವರನ್ನು ನೋಡಿ ಎದುರು ಮನೆಯವರು. "ಜಗಳ ಆಡ್ಕಂಡವ್ರೇನೋ." "ಆ ಹುಡುಗಿ ತವರಿಗೆ ಹೋಗ್ಬಿಟ್ಟಳೇನೋ." "ಡಾಕ್ಟ್ರೇ, ಹೆಣ್ಣುಮಗೀನ ಕಣ್ಣೀರು ಹಾಕಿಸಬ್ಯಾಡ್ರೀ!" ಒಬ್ಬ ಹಿರಿಯರು ಬಾಗಿಲ ಸಂದಿಗೆ ಬಾಯಿಟ್ಟು ಸಂಸಾರದಲ್ಲಿ ಹೇಗೆ ಹೊಂದಿಕೊಂಡು ಹೋಗಬೇಕು ಎಂದು ಉಪದೇಶ ಶುರು ಮಾಡಿದರು. ಒಳಗೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದೆವು.

ಹಿಂದಿನ ಬಾಗಿಲು ಕಿರ್ರೆಂದಿತು. ಅಜ್ಜಿ ತಮ್ಮ ಬೀಗದಕೈಯಿಂದ ತೆಗೆದುಕೊಂಡು ಒಳಗೆ ಬಂದು, ನಮ್ಮ ಕಡೆ ನೋಡದೆ ಸೀದಾ ಹೋಗಿ ಅಗಳಿ ತೆಗೆದರು. ಎಮ್ಮೆ ಒಳಗೆ ಬಂತು. ಅಜ್ಜಿ ಬೀದಿಗೆ ಕೇಳುವಂತೆ ಸಾರಿದರು: "ಏನೂ ಆಗಿಲ್ಲ, ಹೋಗ್ರಿ! ಗಂಡ ಹೆಂಡ್ತಿ ಚೆನ್ನಾಗೇ ಅವ್ರೆ. ಒಬ್ರನ್ನೊಬ್ರು ನೋಡ್ಕಂತಾ ಕೂತವ್ರೆ!"

ಬೀದಿಯವರಿಗೆ ಮುಖ ತೋರಿಸಲಾಗದೆ ಒಂದು ವಾರ ನಾನು ನೀರಿಗೆ ಹೋಗಲಿಲ್ಲ.

ಹಗ್ಗ

ಆಮೇಲೊಂದು ದಿನ ಅಜ್ಜಿಯ ಮಗ, ಅವರು ಬೇಡವೆಂದರೂ ಕೇಳದೆ, ಎಮ್ಮೆಯನ್ನು ಬೀರೂರಿಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟ. ಇಡೀ ಊರಿಗೆ ಗೊತ್ತಿತ್ತು. ಆ ಸಂಜೆ ನಾನು ಹಾಯಾಗಿ ನಡುಮನೆ ಗುಡಿಸಿ, ಮಂಚವನ್ನು ಮತ್ತೆ ಅಂಕಣಕ್ಕೆ ಎಳೆದು ಕೂತೆ.

ಹೊತ್ತಿಗೆ ಸರಿಯಾಗಿ ಅಜ್ಜಿ ಬಂದರು. ಕೈಯಲ್ಲಿ ಹಗ್ಗ. ಬಾಗಿಲಲ್ಲೇ ನಿಂತರು. ಯಾವತ್ತೂ ಹಾಗೆ ನಿಂತವರಲ್ಲ.

"ಎಮ್ಮೆ ಬಂತೇನವ್ವ?"

ನನಗೆ ಆಗ ಗೊತ್ತಾಯಿತು. ಮಗನ ತಾರಸಿ ಮನೆಯಲ್ಲಿ ಅಜ್ಜಿಗೆ ಕೂರಲು ಕುರ್ಚಿ ಇತ್ತು, ಜಾಗ ಇರಲಿಲ್ಲ. ಹಳೇ ಮನೆಗೆ ಬರಲು ದೇವರ ಗೂಡು, ಬೀಗದಕೈ, ಎಮ್ಮೆ, ಎಲ್ಲವೂ ಒಂದೊಂದು ನೆಪ. ಮಂಚದಿಂದ ಎದ್ದೆ.

"ಇನ್ನೂ ಬಂದಿಲ್ಲ ಅಜ್ಜೀ. ಬನ್ನಿ, ಬರೋವರೆಗೂ ಕೂತ್ಕೊಳಿ."

ಅವರು ಬಂದು ಕೂತರು. ಮಂಚದ ಕಡೆ ನೋಡಿದರು. "ಹೂಂ. ಇವತ್ತು ಅದು ಒಸಿ ತಡ ಆಗ್ಬೌದು" ಎಂದು ಎಲೆಗೆ ಸುಣ್ಣ ಹಚ್ಚಿದರು. ಅವತ್ತಿನಿಂದ ನಾವು ಆ ಊರಲ್ಲಿದ್ದಷ್ಟು ದಿನವೂ ಎಮ್ಮೆ ತಡವಾಯಿತು.

ನಮ್ಮ ಮನೆ

ಕಡೂರಿಗೆ ವರ್ಗವಾಯಿತು, ಕ್ವಾರ್ಟರ್ಸ್ ಸಿಕ್ಕಿತು. ಹೊರಡುವ ದಿನ ಅಜ್ಜಿ ಬಸ್ಸಿನ ತನಕ ಬರಲಿಲ್ಲ. "ಹೋಗ್ಬತ್ತೀನಿ ಅನ್ನವ್ವ, ಹೋಗ್ತೀನಿ ಅನ್ನಬ್ಯಾಡ" ಎಂದು ಹೊಸಿಲಲ್ಲೇ ನಿಂತರು.

ಕ್ವಾರ್ಟರ್ಸಿನಲ್ಲಿ ಎರಡು ಬಾಗಿಲು, ಎರಡರ ಬೀಗದಕೈಯೂ ನನ್ನ ಸೆರಗಲ್ಲಿ. ನಾನು ಬೇಡಿಕೊಂಡದ್ದು ಅಕ್ಷರಶಃ ಸಿಕ್ಕಿತು: ಕೇಳದೆ ಯಾರೂ ಬರಲಿಲ್ಲ, ಕೇಳಿಕೊಂಡೂ ಯಾರೂ ಬರಲಿಲ್ಲ. ಯಜಮಾನರು ಕ್ಯಾಂಪು ಅಂತ ಸುತ್ತುತ್ತಿದ್ದರು. ಸಂಜೆ ದೀಪ ಹಚ್ಚಿ ಬಾಗಿಲು ತೆಗೆದಿಟ್ಟು ಕೂರುತ್ತಿದ್ದೆ. ಪಕ್ಕದ ಮನೆಯಾಕೆ ಒಂದು ದಿನ ಬಂದರು. ಖುಷಿಯಿಂದ ಎದ್ದೆ. "ಬಾಗಿಲು ಹಾಕ್ಕೊಳ್ರೀ, ಸೊಳ್ಳೆ ಬರುತ್ತೆ" ಎಂದು ಹೇಳಿ ಹೋದರು. ಆ ಹಳ್ಳಿ ಬಿಟ್ಟು ಬರಬಾರದಿತ್ತು ಅಂತ ಎಷ್ಟೋ ಸಲ ಅನ್ನಿಸಿತು. ಸರ್ಕಾರಿ ನೌಕರನ ಹೆಂಡತಿಯನ್ನು ಯಾರು ಕೇಳುತ್ತಾರೆ?

ಕೆಲವು ವರ್ಷಗಳ ಮೇಲೆ ಅಜ್ಜಂಪುರದಲ್ಲಿ ಒಂದು ಮದುವೆ. ಊಟ ಮುಗಿಸಿ, ಅಜ್ಜಿಯನ್ನು ನೋಡಿಬರೋಣವೆಂದು ನಾನೊಬ್ಬಳೇ ಸಂಜೆಯ ಬಸ್ಸು ಹತ್ತಿದೆ. ಹೋಗಬೇಕಾಗಿದ್ದು ತಾರಸಿ ಮನೆಗೆ. ಏನೋ ಯೋಚಿಸಿಕೊಂಡು ನಡೆಯುತ್ತಿದ್ದೆ. ಕಾಲುಗಳು ತಾವೇ ಬೀದಿ ಹಿಡಿದು, ಮೆಟ್ಟಿಲು ಹತ್ತಿ, ಹೊಸಿಲು ದಾಟಿ, ನಡುಮನೆಯ ಅಂಕಣಕ್ಕೆ ಇಳಿದು ನಿಂತವು. ಅಲ್ಲೊಂದು ಮಂಚ. ಮಂಚದ ಮೇಲೆ ತಲೆ ಬಾಚಿಕೊಳ್ಳುತ್ತಿದ್ದ ಹೊಸ ಬಾಡಿಗೆಯ ಹುಡುಗಿ, ನನ್ನನ್ನು ನೋಡಿ ಕಿಟಾರನೆ ಕಿರುಚಿದಳು.

ನಾನು ಏನು ಹೇಳಲಿ?

ದೇವರ ಗೂಡಿನ ಕೆಳಗಿಂದ ಪರಿಚಯದ ದನಿ ಕೇಳಿತು. ಅಜ್ಜಿ! ಗೋಡೆಗೊರಗಿ ಎಲೆ ಮಡಿಸುತ್ತಾ ಕೂತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಣ್ಣೊರೆಸಿಕೊಂಡು, ಆ ಹುಡುಗಿಯ ಕಡೆ ತಿರುಗಿದರು.

"ಯಾಕವ್ವ ಹಂಗೆ ಕಿರುಚ್ತೀಯ? ಅವಳ ಜಾಗದಾಗೆ ಮಂಚ ಹಾಕಿದ್ರೆ ಅವಳಾದ್ರೂ ಎಲ್ಲಿಗೆ ಹೋಗ್ತಾಳೆ?"