ಮಾವ ಇಟ್ಟ ವೇಗ

ಹೊಸೂರಿನ ಸುತ್ತಮುತ್ತ ನನ್ನ ಸೋದರಮಾವನಿಗಿಂತ ನಿಧಾನದ ಮನುಷ್ಯ ಇನ್ನೊಬ್ಬರಿದ್ದರೆ, ಅವರಿನ್ನೂ ದಾರಿಯಲ್ಲೇ ಇರಬೇಕು. ಬಾಗಲೂರಿನವರು. ಕಾರ್ಖಾನೆಯಲ್ಲಿ ಯಂತ್ರಗಳ ತಪಾಸಣೆ ಮಾಡಿ ನಿವೃತ್ತರಾದವರು, ಈಗ ಬಿಡುವಿನಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುವುದೇ ಹವ್ಯಾಸ. ಅವರ ಸ್ಕೂಟರಿನ ಮೀಟರಿನಲ್ಲಿ ನೂರರ ತನಕ ಅಂಕಿಗಳಿವೆ, ಮುಳ್ಳು ಮೂವತ್ತು ದಾಟಿದ್ದನ್ನು ನಾನು ಕಂಡಿಲ್ಲ. ಕೇಳಿದರೆ, "ನೂರು ಅಂತ ಬರ್ದವ್ರೆ, ಓಡ್ಸು ಅಂತ ಬರ್ದಿಲ್ಲ ಕಣ್ಲಾ" ಎನ್ನುತ್ತಾರೆ. ಮನೆಯ ಮಿಕ್ಸಿಯೂ ಒಂದನೇ ನಂಬರು ದಾಟುವಂತಿಲ್ಲ. ಹಾಗಾಗಿ ಅತ್ತೆಯ ಚಟ್ನಿಯನ್ನು ನಾವೆಲ್ಲ ಅಗಿದೇ ತಿನ್ನುತ್ತೇವೆ.

ಇಂಥವರ ಕೈಲಿ ನಾನು ಕಂಪ್ಯೂಟರ್ ಜೋಡಿಸಿಕೊಂಡೆ. ಆಲಸನತ್ತಂನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ, ಆಲ್ಬಂ ಮಾಡಲು ವೇಗದ ಯಂತ್ರ ಬೇಕಿತ್ತು. ಮೆಮೊರಿ ಪೊಟ್ಟಣದ ಮೇಲೆ ಅದರ ವೇಗ 3600 ಎಂದು ದಪ್ಪಕ್ಷರದಲ್ಲಿತ್ತು. ಮಾವ ಜೋಡಿಸಿ ಹೋದ ಮೇಲೆ ನೋಡಿದರೆ ತೆರೆಯ ಮೇಲೆ 2133.

ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ. ತೊರಪಲ್ಲಿಯಲ್ಲಿ ಒಂದು ನಾಮಕರಣದ ಊಟಕ್ಕೆ ನೆಂಟರೆಲ್ಲ ಕೂತಿದ್ದಾಗ, "ಮಾವ, ನನ್ನ ಹೊಸ ಮೆಮೊರಿ ನಿಮ್ಮ ಮನೆ ಮಿಷಿನ್ ಸೇರ್ಕೊಂಡಂಗೈತಲ್ಲ?" ಎಂದೆ. ಪಂಕ್ತಿಯೇ ನಕ್ಕಿತು. ಮಾವ ಹೋಳಿಗೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ನಾಳೆ ಬತ್ತೀನಿ, ನೋಡವ" ಎಂದಷ್ಟೇ ಹೇಳಿದರು.

ಬಂದರು. ಕಂಪ್ಯೂಟರಿನ ಡಬ್ಬಿ ಬಿಚ್ಚಿ ಮೆಮೊರಿ ಪಟ್ಟಿಗಳನ್ನು ನನ್ನ ಅಂಗೈ ಮೇಲಿಟ್ಟರು. ಎರಡರ ಮೇಲೂ 3600. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಅದು ತಾನಾಗೇ ಓಡಲ್ಲ ಕಣ್ಲಾ, ನಡೀತದೆ. ಸೆಟ್ಟಿಂಗ್ಸಲ್ಲಿ ಹೇಳಿದ್ರೆ ಓಡ್ತದೆ. ಇನ್ನೂ ಟೆಸ್ಟ್ ಮಾಡ್ಬೇಕಿತ್ತು, ಅದ್ಕೇ ಹೇಳಿರ್ಲಿಲ್ಲ" ಎಂದರು. 3600ಕ್ಕೆ ಇಟ್ಟು ತೋರಿಸಿದರು. ಒಂದು ಆಲ್ಬಂ ತೆರೆಯುವಷ್ಟರಲ್ಲಿ ತೆರೆಯೆಲ್ಲ ನೀಲಿಯಾಗಿ ಯಂತ್ರ ನಿಂತಿತು. "ನಿನ್ ಪ್ರೊಸೆಸರ್ 3200ರ ತಂಕ ಮಾತ್ರ ಗ್ಯಾರಂಟಿ ಕೊಟ್ಟೈತೆ. ಮೆಮೊರಿ ಓಡ್ತೀನಿ ಅಂದ್ರೆ ಸಾಕಾ? ಜೊತೆಗಾರನಿಗೂ ಉಸುರು ಬೇಕಲ್ಲ."

3200ಕ್ಕೆ ಇಳಿಸಿ ಪರೀಕ್ಷೆಗೆ ಹಚ್ಚಿದರು. ಐದು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಒಲೆ ಮೇಲಿಟ್ಟ ಹಾಲು ಕಾಯುವವರಂತೆ ಅದನ್ನೇ ಕಾದರು. ಒಂದೂ ದೋಷ ಬರಲಿಲ್ಲ. ನನ್ನ ಬಾಯಿಂದ 'ತಪ್ಪಾಯ್ತು' ಎಂಬ ಮಾತೂ ಬರಲಿಲ್ಲ.

ಅಷ್ಟಕ್ಕೆ ಬುದ್ಧಿ ಬಂತೇ? ವಾರದೊಳಗೆ ಯಾವುದೋ ವೀಡಿಯೋ ನೋಡಿ, ವೋಲ್ಟೇಜು ತುಸು ಏರಿಸಿ, ಮತ್ತೆ 3600 ಮಾಡಿಕೊಂಡೆ. ಎರಡು ದಿನ ಓಡಿತು. ಮಾವನ ಅಂಜಿಕೆಯನ್ನು ನೆನೆದು ಒಬ್ಬನೇ ನಕ್ಕೆ ಕೂಡ. ಮೂರನೆಯ ದಿನ ಬಾಗಲೂರಿನ ಹಿರಿಯರೊಬ್ಬರ ಮಗಳ ಸೀಮಂತದ ಫೋಟೋಗಳನ್ನು ತೆರೆದರೆ, ಅರ್ಧಕ್ಕರ್ಧ ಚಿತ್ರಗಳ ಮೇಲೆ ಬೂದು ಪಟ್ಟಿಗಳು. ಬಸುರಿಯ ಮುಖವೇ ಇಲ್ಲ. ಓಡುವ ಅವಸರದಲ್ಲಿ ಮೆಮೊರಿ ಚಿತ್ರಗಳನ್ನು ತಪ್ಪುತಪ್ಪಾಗಿ ಇಳಿಸಿಕೊಂಡಿತ್ತು. ಕಂಪ್ಯೂಟರಿಗೆ ಇಳಿಸಿದ ಮೇಲೆ ಕ್ಯಾಮೆರಾದ ಕಾರ್ಡನ್ನು ನಾನೇ ಅಳಿಸಿಬಿಟ್ಟಿದ್ದೆ.

ಮಾವನಿಗೆ ಫೋನು ಮಾಡಿ, "ಅದೇನೋ ತಾನಾಗೇ ಕೆಟ್ಟೋಯ್ತು" ಎಂದೆ. ಅವರು ಬಸ್ಸು ಹಿಡಿದು ಬಂದು, ಸೆಟ್ಟಿಂಗ್ಸ್ ತೆರೆದು, 3600 ಎಂದಿದ್ದುದನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟರಲ್ಲಿ ಆ ಹಿರಿಯರೇ ಒಳಗೆ ಬಂದರು. ವಿಷಯ ತಿಳಿದು ಅವರ ದನಿ ಏರಿತು. "ಏನಪ್ಪಾ, ನಂಬಿ ಕೊಟ್ರೆ ಹಿಂಗಾ? ಆ ದಿನ ತಿರುಗಾ ಬತ್ತದಾ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಎದ್ದು ನಿಂತರು. "ಅವನದೇನಿಲ್ಲ, ಸಾಮಿ. ಮಿಷಿನ್ ಜೋಡಿಸಿದ್ದು ನಾನು. ನಾನೇ ಸರಿಯಾಗಿ ನೋಡ್ಲಿಲ್ಲ."

ಹಿರಿಯರು ಮಾವನಿಗೆ ಬಾಯಿಗೆ ಬಂದಂತೆ ಅಂದರು. ನಾನು ಗೋಡೆ ನೋಡುತ್ತಾ ನಿಂತಿದ್ದೆ. ಅವರು ಹೋದ ಮೇಲೆ ಮಾವ 3200ಕ್ಕೆ ಇಳಿಸಿ, ಸಂಜೆಯವರೆಗೂ ಕೂತು, ಅಳಿಸಿದ ಕಾರ್ಡಿನಿಂದ ಮುಕ್ಕಾಲು ಪಾಲು ಚಿತ್ರಗಳನ್ನು ಹೊರತೆಗೆದರು.

ಬಸ್ ಸ್ಟಾಪಿನವರೆಗೂ ಅವರ ಜೊತೆ ಹೋದೆ. "ಮಾವ, ಏರ್ಸಿದ್ದು ನಾನೇ."

"ಗೊತ್ತು ಕಣ್ಲಾ."

"ಮತ್ಯಾಕೆ ಹಂಗಂದ್ರಿ?"

"ನಿನ್ ಅಂಗಡಿಗೆ ಜನ ನಾಳೇನೂ ಬರ್ಬೇಕಲ್ಲ. ನನ್ನತ್ರ ಯಾರ್ ಬತ್ತಾರೆ?"

ಬಸ್ಸು ಬಂತು. ಅವರು ಹತ್ತಿದರು. ಹಿಂದೆಯೇ ನಾನೂ ಹತ್ತಿದೆ.

"ನೀನ್ಯಾಕ್ಲಾ ಹತ್ತಿದೆ?"

"ಆ ಹಿರಿಯರ ಮನೆಗೆ ಹೋಗ್ತೀನಿ. ನಿಜ ಹೇಳ್ಬೇಕು."

ಮಾವ ಕಿಟಕಿಯ ಕಡೆಗೆ ಸರಿದು ನನಗೆ ಜಾಗ ಬಿಟ್ಟರು.