ಥಾಯ್ಲೆಂಡಿನ ಕೈಗುಣ

ಸುಖ ಎನ್ನುವುದು ಬದುಕಿನಲ್ಲಿ ಒಂದೇ ಒಂದು ಸಲ, ಅದೂ ಸ್ವಲ್ಪ ಹೊತ್ತು ಸಿಗುವುದಾದರೆ, ಸಿಗದೇ ಇರುವುದೇ ಒಳ್ಳೆಯದೆಂದು ಈಚೆಗೆ ನನಗೆ ಅನಿಸತೊಡಗಿದೆ. ಸಿಗದವರು ಅದರ ಗೊಡವೆಯಿಲ್ಲದೆ ನೆಮ್ಮದಿಯಾಗಿ ನರಳಿಕೊಂಡಿರುತ್ತಾರೆ. ನಾನೂ ಹಾಗೆ ವರ್ಷಾನುಗಟ್ಟಲೆ ನೆಮ್ಮದಿಯಾಗಿ ನರಳಿಕೊಂಡಿದ್ದವಳೇ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ‘ಯವ್ವಾ’, ರೊಟ್ಟಿ ಬಡಿದು ಎದ್ದು ನಿಲ್ಲುವಾಗ ‘ಯಪ್ಪಾ’, ಸಂಜೆ ಬಸ್ಸಿನಿಂದ ಇಳಿಯುವಾಗ ‘ಶಿವನೇ’. ಇವೆಲ್ಲ ನೋವಿನ ಕೂಗು ಎಂದು ನನಗೆ ತಿಳಿದಿರಲೇ ಇಲ್ಲ. ಮಾತಿನ ಒಂದು ಭಾಗ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಾರೆ.

ನನ್ನ ನೌಕರಿ ಜಮಖಂಡಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ಸರ್ಕಾರಿ ಕಚೇರಿಯಲ್ಲಿ. ರೈತರಿಗೆ ಹೊಲದ ಉತಾರ, ಅಂದರೆ ಪಹಣಿ, ತೆಗೆದುಕೊಡುವುದು ನನ್ನ ಕೆಲಸ. ಕಂಪ್ಯೂಟರು ಎದುರಿಗಿದೆ, ರೈತರು ನಿಲ್ಲುವ ಕಿಟಕಿ ಬಲಕ್ಕಿದೆ. ‘ಮೇಡಮ್ಮಾರ, ಸರ್ವೆ ನಂಬರ ಹೇಳಲೇನ್ರಿ?’ ಎಂದಾಗ ಬಲಕ್ಕೆ ತಿರುಗಬೇಕು. ‘ನಮ್ಮಪ್ಪನ ಹೆಸರ ತಪ್ಪ ಬಿದ್ದೈತ್ರಿ’ ಎಂದಾಗ ಮತ್ತೆ ಬಲಕ್ಕೆ. ಹೀಗೆ ತಿರುಗಿ ತಿರುಗಿ ನನ್ನ ಕುತ್ತಿಗೆ, ದಿನಾ ಹೋಗಿಬರುವ ತಾಪತ್ರಯ ಯಾಕೆ ಎಂದುಕೊಂಡು ಬಲಕ್ಕೇ ಬಿಡಾರ ಮಾಡಿತು. ಎಡಗಡೆ ಕೂಡುವ ಪಾಟೀಲಬಾಯಿಯವರು ಮಾತಾಡಿಸಿದರೆ ನಾನು ಕುರ್ಚಿಯನ್ನೇ ತಿರುಗಿಸಬೇಕು. ಎಷ್ಟೋ ದಿನ ಅವರು ‘ಸುನಂದಾಬಾಯಾರ, ನನ್ನ ಮ್ಯಾಲ ಸಿಟ್ಟ ಐತೇನ್ರಿ?’ ಎಂದು ಕೇಳಿದ್ದುಂಟು. ಡಾಕ್ಟರು ಕೊರಳಿಗೊಂದು ಪಟ್ಟಿ ಕೊಟ್ಟರು. ಅದನ್ನು ಹಾಕಿಕೊಂಡು ಕೂತರೆ ಕಿಟಕಿಯಲ್ಲಿ ನಿಂತವರು ಉತಾರ ಮರೆತು ‘ಯಾವಾಗ ಬಿದ್ರಿ? ಎಲ್ಲಿ ಬಿದ್ರಿ?’ ಎಂದು ವಿಚಾರಿಸತೊಡಗಿದರು. ನಿಂತವರ ಪಾಳಿ ಉದ್ದವಾಯಿತು. ಪಟ್ಟಿ ಬಿಚ್ಚಿಟ್ಟೆ.

ಇಂಥವಳು ಥಾಯ್ಲೆಂಡಿಗೆ ಹೋದದ್ದು ನನ್ನ ಯಜಮಾನರ ಹೆದರಿಕೆಯಿಂದ. ಅವರದು ರಸಗೊಬ್ಬರದ ಅಂಗಡಿ. ನಮ್ಮದು ಕಬ್ಬಿನ ಸೀಮೆ, ಗೊಬ್ಬರಕ್ಕೆ ಗಿರಾಕಿ ಹುಡುಕಬೇಕಿಲ್ಲ. ಹೆಚ್ಚು ಮಾರಿದ ಅಂಗಡಿಯವರನ್ನು ಕಂಪನಿಯವರು ಥಾಯ್ಲೆಂಡಿಗೆ ಕರೆದೊಯ್ಯುವುದು ರೂಢಿ. ಗಂಡಸರು ಇದಕ್ಕೆ ಹೆಂಡಿರನ್ನು ಬಿಟ್ಟು ಒಬ್ಬೊಬ್ಬರೇ ಹೋಗುತ್ತಾರೆ. ಬಂದ ಮೇಲೆ ಆನೆ ನೋಡಿದೆವು, ಬುದ್ಧನ ಗುಡಿ ನೋಡಿದೆವು ಎಂದಷ್ಟೇ ಹೇಳುತ್ತಾರೆ. ಯಜಮಾನರಿಗೆ ವಿಮಾನವೆಂದರೆ ಪ್ರಾಣ ಹೋಗುವಷ್ಟು ಭಯ. ‘ಹೋದರ ಇಬ್ರೂ ಹೋಗೂನು, ಬಿದ್ದರ ಇಬ್ರೂ ಬೀಳೂನು’ ಎಂದು ನನ್ನನ್ನೂ ಹೊರಡಿಸಿದರು. ಉಳಿದ ಅಂಗಡಿಯವರಿಗೆ ಇದು ಸರಿಬರಲಿಲ್ಲ. ‘ಏನ್ರಿ ಮಹಾದೇವಣ್ಣಾ, ಮದುವಿ ಊಟಕ್ಕ ಮನಿಯಿಂದ ಬುತ್ತಿ ಕಟ್ಕೊಂಡು ಹೊಂಟೀರಲ್ಲ!’ ಎಂದು ಮುಧೋಳದವರೊಬ್ಬರು ವಿಮಾನ ನಿಲ್ದಾಣದಲ್ಲೇ ಅಂದರು. ಬುತ್ತಿಯಾದ ನಾನು ಪಕ್ಕದಲ್ಲೇ ನಿಂತಿದ್ದೆ. ಬಲಗಡೆ ನಿಂತು ಅಂದಿದ್ದರಿಂದ ಅವರ ಮುಖವೂ ಚೆನ್ನಾಗಿ ಕಾಣಿಸಿತು.

ಪಟ್ಟಾಯದಲ್ಲಿ ಒಂದು ಮಧ್ಯಾಹ್ನ ಎಲ್ಲರೂ ದೋಣಿಯಲ್ಲಿ ದ್ವೀಪ ನೋಡಲು ಹೋದರು. ನೀರಿನ ಮೇಲೂ ಯಜಮಾನರಿಗೆ ಭರವಸೆ ಇಲ್ಲದ್ದರಿಂದ ನಾವಿಬ್ಬರೂ ನೆಲದ ಮೇಲೇ ಉಳಿದೆವು. ಹೋಟೆಲಿನ ಸಾಲಿನಲ್ಲೇ ಗಾಜಿನ ಬಾಗಿಲಿನ ಮಸಾಜ್ ಅಂಗಡಿಯೊಂದಿತ್ತು. ಹೊರಗೆ ಒಂದು ಚಿತ್ರ: ಒಬ್ಬ ಹೆಂಗಸು ಇನ್ನೊಬ್ಬಳ ಕುತ್ತಿಗೆ ಹಿಡಿದುಕೊಂಡಿದ್ದಾಳೆ, ಹಿಡಿಸಿಕೊಂಡವಳು ನಗುತ್ತಿದ್ದಾಳೆ. ಕುತ್ತಿಗೆ ಹಿಡಿಸಿಕೊಂಡೂ ನಗುವವರು ಇದ್ದಾರೆಂಬುದೇ ನನಗೆ ಹೊಸದು. ಮೈಮೇಲೆ ಬಟ್ಟೆ ಇರುತ್ತದೆ, ಹೆಂಗಸರಿಗೆ ಹೆಂಗಸರೇ ಒತ್ತುತ್ತಾರೆ ಎಂದು ಕೈಸನ್ನೆಯಲ್ಲಿ ಖಾತ್ರಿ ಮಾಡಿಕೊಂಡು ಒಳಗೆ ಹೋದೆ. ಸಡಿಲವಾದ ಅಂಗಿ, ಪೈಜಾಮ ಕೊಟ್ಟರು. ನೆಲದ ಮೇಲೆ ಸಾಲಾಗಿ ಹಾಸಿಗೆ, ನಡುವೆ ತೆಳ್ಳನೆಯ ಪರದೆ, ಗಾಳಿಯಲ್ಲಿ ನಿಂಬೆಹುಲ್ಲಿನ ವಾಸನೆ. ಪರದೆಯ ಈಚೆ ನಾನು, ಆಚೆ ಯಜಮಾನರು.

ನನ್ನ ಪಾಲಿಗೆ ಬಂದವಳ ಹೆಸರು ನೋಯ್. ‘ನೋಯ್, ನೋಯ್’ ಎಂದು ಎದೆ ಮುಟ್ಟಿಕೊಂಡು ಹೇಳಿದಾಗ, ನೋಯುತ್ತದೆ ಎಂದು ಕನ್ನಡದಲ್ಲೇ ಎಚ್ಚರಿಸುತ್ತಿದ್ದಾಳೆ ಎಂದುಕೊಂಡೆ. ಎಚ್ಚರಿಕೆ ಪರದೆಯ ಆಚೆಗೆ ಸಲ್ಲಬೇಕಾಗಿತ್ತು. ಆ ಕಡೆ ಶುರುವಾದದ್ದೇ ತಡ, ‘ಏ ಬಾಯೀ, ಬಿಡ, ಬಿಡ, ನಡಾ ಮುರೀತೈತಿ!’ ಎಂಬ ಕೂಗು. ‘ಓಕೇ, ಓಕೇ’ ಎಂದು ಸಣ್ಣ ದನಿಯಲ್ಲಿ ಸಮಾಧಾನ. ‘ಓಕೇ ಅಲ್ಲವಾ ತಾಯೀ, ನಾಟ್ ಓಕೇ!’ ಎಂದು ಮತ್ತೆ ಕೂಗು. ಗೊಬ್ಬರದ ಚೀಲವನ್ನು ಒಂದೇ ಏಟಿಗೆ ಹೆಗಲಿಗೆ ಏರಿಸುವ ಮನುಷ್ಯ ಆ ಸಣಕಲು ಹುಡುಗಿಯ ಕೈಯಿಂದ ಬಿಡಿಸಿಕೊಂಡು, ಅದೇ ಪೈಜಾಮದಲ್ಲಿ ಹೊರಗೆ ಹೋಗಿ ಎಳನೀರು ಕುಡಿಯುತ್ತ ಕೂತರು.

ನನಗೆ ಮಾತ್ರ ಏಳಬೇಕೆನಿಸಲಿಲ್ಲ. ಜೋಳದ ಹಿಟ್ಟನ್ನು ನಾನು ನಾದುವ ಹಾಗೆಯೇ ನೋಯ್ ನನ್ನನ್ನು ನಾದಿದಳು. ಹಿಟ್ಟಿಗೆ ಇಷ್ಟು ಹಿತವಾಗುತ್ತದೆಂದು ತಿಳಿದಿದ್ದರೆ ಅದರ ಮೇಲೆ ಎಂದೋ ಹೊಟ್ಟೆಕಿಚ್ಚು ಪಡಬಹುದಿತ್ತು. ಬೆನ್ನಿನ ಮೇಲೆ ಮೊಣಕಾಲೂರಿ ಹತ್ತಿದಳು, ತೋಳುಗಳನ್ನು ಹಿಂದಕ್ಕೆಳೆದಳು, ಎಲ್ಲೆಲ್ಲೋ ಏನೇನೋ ಲಟಕ್ಕೆಂದವು. ಆಮೇಲೆ ನನ್ನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಮಗುವನ್ನು ಹೊರಳಿಸುವಂತೆ ಮೆಲ್ಲಗೆ ಎಡಕ್ಕೆ ಹೊರಳಿಸಿದಳು. ಹೊರಳಿತು! ಎಡಗಡೆ ಒಂದು ಗೋಡೆ ಇತ್ತು, ಗೋಡೆಗೆ ಒಂದು ತಾವರೆಯ ಚಿತ್ರ ಇತ್ತು. ನನಗೆ ಅಳು ಬಂತು. ತಾವರೆ ನೋಡಿ ಅಳುವಂಥದ್ದೇನೂ ಇರಲಿಲ್ಲ. ಕೊನೆಯ ಸಲ ನನ್ನ ಮೈಯನ್ನು ಇನ್ನೊಬ್ಬರು ತಿಕ್ಕಿದ್ದು ಮಗಳು ಹುಟ್ಟಿದಾಗಿನ ಬಾಣಂತನದಲ್ಲಿ, ನನ್ನ ತವರಿನಲ್ಲಿ. ಆ ಮಗಳಿಗೇ ಈಗ ಮದುವೆಯಾಗಿದೆ. ಅಲ್ಲಿಂದ ಇಲ್ಲಿಯವರೆಗೆ ನನ್ನನ್ನು ಮುಟ್ಟಿದವರೆಲ್ಲ ಏನನ್ನಾದರೂ ಬೇಡಲು ಮುಟ್ಟಿದವರೇ. ಈ ಹೆಂಗಸಿಗೆ ನನ್ನಿಂದ ಚಹಾ ಬೇಡ, ಉತಾರ ಬೇಡ, ಕಳೆದುಹೋದ ಕನ್ನಡಕ ಹುಡುಕಿಕೊಡುವುದು ಬೇಡ. ನಾನು ಸುಮ್ಮನೆ ಬಿದ್ದುಕೊಂಡಿದ್ದರೆ ಸಾಕು. ಸುಮ್ಮನೆ ಬಿದ್ದುಕೊಂಡೆ. ಹಾಗೇ ನಿದ್ದೆ ಹೋದೆ. ನನ್ನ ಗೊರಕೆ ಹೊರಗೆ ಎಳನೀರು ಕುಡಿಯುತ್ತಿದ್ದ ಯಜಮಾನರಿಗೂ ಕೇಳಿಸಿತಂತೆ. ಎಬ್ಬಿಸಿ ಶುಂಠಿಯ ಚಹಾ ಕೊಟ್ಟಾಗ, ನಾನು ಯಾವ ಊರಿನವಳು ಎಂಬುದು ಒಂದು ಗಳಿಗೆ ನೆನಪಾಗಲೇ ಇಲ್ಲ. ಅದಕ್ಕಿಂತ ದೊಡ್ಡ ಸುಖವನ್ನು ನಾನು ಕಂಡಿಲ್ಲ.

ಊರಿಗೆ ಬಂದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಮ್ಮ ಅತ್ತೆಯವರು ನಮ್ಮ ಜೊತೆಗೇ ಇರುತ್ತಾರೆ. ಮೊಣಕಾಲು ಹಿಡಿದುಕೊಂಡಿವೆ, ನಾಲಿಗೆ ಚುರುಕಾಗಿದೆ. ಏನೇನು ನೋಡಿದಿರಿ ಎಂದು ಕೇಳಿದಾಗ ಯಜಮಾನರು ಆನೆ, ಬುದ್ಧ ಎಂದು ಸರಿಯಾಗಿಯೇ ಹೇಳುತ್ತಿದ್ದರು. ನಾನೇ ನಡುವೆ ಬಾಯಿ ಹಾಕಿ ಮಸಾಜಿನ ಮಾತು ತೆಗೆದೆ. ಅತ್ತೆ ಗಲ್ಲದ ಮೇಲೆ ಕೈ ಇಟ್ಟುಕೊಂಡರು.

‘ಕಂಡವರ ಕಡೆ ಮೈ ಒತ್ತಿಸ್ಕೊಂಡು ಬಂದಿ? ನಾಚಿಕಿ ಬರ್ಲಿಲ್ಲೇನ ನಿನಗ?’

‘ಹೆಣ್ಮಗಳ ಒತ್ತಿದ್ಲರಿ ಅತ್ತಿ.’

‘ಯಾರ್ ಒತ್ತಿದ್ರೂ ಮಂದೀನ ಅಲ್ಲೇನು?’ ಎಂದು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ಇಳಿಸಿ, ‘ಹ್ಯಾಂಗ ಒತ್ತಿದ್ಲು?’ ಎಂದರು.

ತೋರಿಸಲೆಂದು ಅವರ ಭುಜದ ಮೇಲೆ ಹೆಬ್ಬೆರಳು ಊರಿದೆ. ‘ಹಾಂ... ಅಲ್ಲೇ... ಅಲ್ಲೇ ನೋಡವಾ... ಇನ್ನೊಂದೀಟ ಕೆಳಗ...’ ಎನ್ನುತ್ತ ಅತ್ತೆ ಕಣ್ಣು ಮುಚ್ಚಿದರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಮರುದಿನದಿಂದ ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ‘ಸುನಂದಾ, ಆ ಥಾಯ್ಲಂಡದ್ದು ಒಂದೀಟ ಮಾಡ ಬಾರವಾ’ ಎಂಬ ಕರೆ. ಮಾಡಿದೆ. ಅಷ್ಟಕ್ಕೇ ನಿಂತಿದ್ದರೆ ಹೇಗೋ ನಡೆಯುತ್ತಿತ್ತು. ಅತ್ತೆಯವರಿಗೆ ಸೊಸೆಯ ಬಗ್ಗೆ ಎಂದೂ ಇಲ್ಲದ ಹೆಮ್ಮೆ ಬಂದುಬಿಟ್ಟಿತು. ರೊಟ್ಟಿಗಾಗಲಿ, ನೌಕರಿಗಾಗಲಿ ಬಾರದ ಹೆಮ್ಮೆ ಇದಕ್ಕೆ ಬಂತು. ‘ನಮ್ಮ ಸೊಸಿ ಥಾಯ್ಲಂಡಕ್ಕ ಹೋಗಿ ಕಲ್ತ ಬಂದಾಳ’ ಎಂದು ಓಣಿಗೆಲ್ಲ ಹೇಳಿದರು. ಪಕ್ಕದ ಮನೆಯ ಗಂಗಕ್ಕ ಬಂದರು. ಬನಹಟ್ಟಿಯವರು, ತವರಿನಲ್ಲಿದ್ದಷ್ಟು ದಿನ ಮಗ್ಗದ ಮುಂದೆ ಕೂತ ಬೆನ್ನು ಅವರದು. ಆ ಬೆನ್ನನ್ನು ಒತ್ತಿ ನನ್ನ ಹೆಬ್ಬೆರಳೇ ಬಾತುಕೊಂಡಿತು. ‘ಸ್ವಲ್ಪ ಸಡ್ಲ ಆತ ನೋಡ್ರಿ, ನಾಳಿಗಿ ಮತ್ತ ಬರ್ತೇನಿ’ ಎಂದು ನಗುನಗುತ್ತ ಹೋದರು. ಸುದ್ದಿ ತೇರದಾಳಕ್ಕೆ ಮುಟ್ಟಿ ನಾದಿನಿ ಬಟ್ಟೆಬರೆ ಸಮೇತ ಬಂದಿಳಿದಳು. ‘ವೈನೀ, ಡಾಕ್ಟರ ಕಡೆ ಹೋಗೂದ ಬಿಟ್ಟೇನಿ. ನನ್ನ ಸೊಂಟಾ ಇನ್ನ ನಿಮ್ಮ ಕೈಯಾಗ’ ಎಂದು ನನ್ನ ಕೈ ಹಿಡಿದಳು. ಸೊಂಟ ಅವಳದು, ಕೈ ನನ್ನದು.

ಇಷ್ಟರಲ್ಲಿ ನನ್ನ ಕುತ್ತಿಗೆ ಬಲಗಡೆಯ ಹಳೇ ಬಿಡಾರಕ್ಕೆ ಮರಳಿತ್ತು. ಮೊದಲಾದರೆ ನೋವು ನೋವೆಂದು ಗೊತ್ತಿರಲಿಲ್ಲ. ಈಗ ಎಲ್ಲ ಗೊತ್ತು. ಯಾವ ನರ ಎಲ್ಲಿ ಹಿಡಿದಿದೆ, ಬಿಟ್ಟರೆ ಹೇಗಿರುತ್ತದೆ, ಎಲ್ಲ ಗೊತ್ತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ ಆ ನಿಂಬೆಹುಲ್ಲಿನ ವಾಸನೆ ನೆನಪಾಗುತ್ತಿತ್ತು. ಒಂದು ದಿನ ನಾಚಿಕೆ ಬಿಟ್ಟು ಯಜಮಾನರನ್ನೇ ಕೇಳಿದೆ. ‘ಅದಕ್ಕೇನು, ಬಾ’ ಎಂದು ಕೂಡಿಸಿಕೊಂಡರು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ನನ್ನ ಕುತ್ತಿಗೆ. ಗೊಬ್ಬರ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಚೀಲ ಹಿಸುಕಿ ನೋಡುವ ಹಾಗೆ ಎರಡು ಸಲ ಹಿಸುಕಿದರು. ಅಷ್ಟರಲ್ಲಿ ಮೊಬೈಲಿನಲ್ಲಿ ಬೀಳಗಿ ಕಡೆಯ ಗಿರಾಕಿ ಸಿಕ್ಕರು. ಯೂರಿಯಾದ ಮಾತು ಮುಗಿಯುವವರೆಗೆ ಕುತ್ತಿಗೆ ಅವರ ಕೈಯಲ್ಲೇ ಇತ್ತು. ಮುಗಿದ ಮೇಲೆ ‘ಆತಲ್ಲ?’ ಎಂದರು. ‘ಆತ್ರಿ’ ಎಂದು ಎದ್ದೆ.

ಒಂದು ಸಂಜೆ ಮನೆಗೆ ಬಂದಾಗ ಹೊರಕೋಣೆಯಲ್ಲಿ ಅತ್ತೆ, ನಾದಿನಿ, ಗಂಗಕ್ಕ ಮೂವರೂ ಸಾಲಾಗಿ ಕೂತಿದ್ದರು. ನಾನು ಒಳಗೆ ಕಾಲಿಡುತ್ತಿದ್ದಂತೆ ಗಂಗಕ್ಕ, ‘ಇವತ್ತ ಮೊದ್ಲ ನನ್ನ ಪಾಳಿ ಐತ್ರಿ ಮತ್ತ’ ಎಂದರು. ಕಚೇರಿಯ ಕಿಟಕಿಯೇ ನಡೆದುಕೊಂಡು ನನ್ನ ಮನೆಗೆ ಬಂದಿತ್ತು. ನನಗೆ ಏನಾಯಿತೋ ತಿಳಿಯದು. ‘ನಾ ಯಾರ್ದೂ ಒತ್ತಂಗಿಲ್ಲ! ಇವತ್ತೂ ಇಲ್ಲ, ಇನ್ನ ಮ್ಯಾಲೂ ಇಲ್ಲ! ನನ್ನ ಕುತ್ತಿಗಿ ಸತ್ತೈತಿ, ಅದನ್ಯಾರ್ ಕೇಳೋರು?’ ಎಂದು ಓಣಿಗೆ ಕೇಳುವಂತೆ ಕೂಗಿಬಿಟ್ಟೆ. ಒಳಗೆ ಹೋಗಿ ಉಳ್ಳಾಗಡ್ಡಿ ಹೆಚ್ಚುತ್ತ ಕೂತೆ. ಅಡುಗೆಗೆ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಹೆಚ್ಚಿಬಿಟ್ಟೆ. ಅಳುವುದಕ್ಕೆ ಬೇರೆ ನೆಪ ಇರಲಿಲ್ಲ.

ಗಂಗಕ್ಕ ಎದ್ದು ಹೋದರು. ನಾದಿನಿ ಮರುದಿನ ಬೆಳಗಿನ ಬಸ್ಸಿಗೆ ತೇರದಾಳಕ್ಕೆ ಹೊರಟಳು. ಹೋಗುವಾಗ ಸೊಂಟದ ಮೇಲೆ ಕೈ ಇಟ್ಟುಕೊಂಡೇ ಹೋದಳು, ನನಗೆ ಕಾಣಲೆಂದು. ಅತ್ತೆ ಮಾತು ಬಿಟ್ಟರು. ನೀರು ಬೇಕಾದರೆ ಮಗನಿಗೆ ಹೇಳುವುದು, ಮಗ ನನಗೆ ಹೇಳುವುದು. ಚುರುಕು ನಾಲಿಗೆಯವರು ಸುಮ್ಮನಾದರೆ ಮನೆಯಲ್ಲಿ ಉಸಿರು ಕಟ್ಟುತ್ತದೆ. ನಾನೇ ಹೋಗಿ ಒತ್ತಿಬಿಡಲೇ ಎಂದು ಎಷ್ಟೋ ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಹಟಕ್ಕೆ ತಿರುಗಿ ಬಂದದ್ದಲ್ಲ. ಕೈ ನಿಜವಾಗಿಯೂ ಏಳುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಯಜಮಾನರು ಅಂಗಡಿಯಲ್ಲಿದ್ದರು. ‘ಸುನಂದಾ, ಬಾ ಇಲ್ಲಿ’ ಎಂದು ಅತ್ತೆ ಕರೆದರು. ಹೋಗಿ ನೋಡಿದರೆ ನೆಲದ ಮೇಲೆ ಕೌದಿ ಹಾಸಿದ್ದಾರೆ, ಪಕ್ಕದಲ್ಲಿ ಬಟ್ಟಲಲ್ಲಿ ಬೆಚ್ಚಗಿನ ಕೊಬ್ಬರಿ ಎಣ್ಣೆ ಇದೆ. ಆ ಮೊಣಕಾಲಿನಲ್ಲಿ ಒಲೆಯವರೆಗೆ ಯಾವಾಗ ಹೋಗಿ ಬಂದರೋ.

‘ಕೂಡು.’

‘ಬ್ಯಾಡ್ರಿ ಅತ್ತಿ. ನೀವು ನನಗ ಒತ್ತೂದಂದ್ರೇನ್ರಿ!’

‘ಸುಮ್ಮ ಕೂಡಂದ್ರ ಕೂಡು.’

ಬೆನ್ನು ಕೊಟ್ಟು ಕೂತೆ. ಎಣ್ಣೆ ಹಚ್ಚಿದ ಬೆರಳುಗಳು ಕುತ್ತಿಗೆಯ ಮೇಲೆ ಓಡಾಡತೊಡಗಿದವು. ಸೊಟ್ಟಗಾದ ಬೆರಳುಗಳು, ಶಕ್ತಿ ಇಲ್ಲ. ಬೆಕ್ಕು ನಡೆದಾಡಿದಂತೆ ಅನಿಸುತ್ತಿತ್ತು. ಹಿಂದಿನಿಂದ ಮಾತು ಬಂತು.

‘ನಮ್ಮತ್ತಿ ಕಾಲ ನಾ ಅಕಿ ಸಾಯೂತನಕ ಒತ್ತೇನಿ. ನಿಮ್ಮ ಮಾವ್ನೋರ್ದು ಒತ್ತೇನಿ. ನನ್ನ ಮೈ ಯಾರೂ ಒತ್ತಿರ್ಲಿಲ್ಲವಾ. ನೀ ಅಲ್ಲಿಗಿ ಹೋಗಿ ಬಂದ ಮ್ಯಾಲ ಒತ್ತಿದಿ ನೋಡು. ಅದಕ್ಕ ಆಶಾ ಹತ್ತಿಬಿಟ್ಟಿತ್ತು.’

ಆ ಬೆರಳುಗಳಿಗೆ ಸುಲಭವಾಗಲೆಂದು ತಲೆ ಬಗ್ಗಿಸಿಕೊಟ್ಟೆ.

‘ಹ್ಯಾಂಗೈತಿ? ಥಾಯ್ಲಂಡದಾಕಿ ಒತ್ತಿದಂಗ ಆಗಾಕತ್ತೈತಿಲ್ಲೊ?’

‘ಅಕಿಗಿಂತ ಛಲೋ ಆಗಾಕತ್ತೈತ್ರಿ ಅತ್ತಿ’ ಎಂದೆ. ಸುಳ್ಳು. ಸುಳ್ಳಿಗೆ ತಕ್ಕ ಫಲ ಕೂಡಲೇ ಸಿಕ್ಕಿತು. ಅತ್ತೆ ಹುರುಪಿನಿಂದ ಇದ್ದಬದ್ದ ಶಕ್ತಿಯನ್ನೆಲ್ಲ ಹೆಬ್ಬೆರಳಿಗೆ ತಂದು ಒತ್ತಿದರು. ‘ಅಯ್ಯಯ್ಯವ್ವಾ!’ ಎಂಬ ಕೂಗು ಬಂತು. ನನ್ನದಲ್ಲ, ಅವರದು. ಮುಂಗೈ ಹಿಡಿದುಕೊಂಡಿತ್ತು.

ತಿರುಗಿ ಕೂತು ಅವರ ಬಲಗೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಒಂದೊಂದೇ ಬೆರಳನ್ನು ಮೆಲ್ಲಗೆ ಎಳೆದೆ, ಅಂಗೈಯ ನಡುವೆ ಹೆಬ್ಬೆರಳು ಊರಿ ತಿಕ್ಕಿದೆ. ‘ಹಾಂ... ಅಲ್ಲೇ...’ ಎನ್ನುತ್ತ ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಉಸಿರು ಸಮನಾಗಿ ಬರತೊಡಗಿತು. ನಿದ್ದೆ ಹತ್ತಿತು, ಇನ್ನು ನಾನೂ ಈ ಕೌದಿಯ ಮೇಲೆ ಹೀಗೇ ಸ್ವಲ್ಪ ಅಡ್ಡಾಗಬಹುದು ಎಂದುಕೊಂಡು, ಸದ್ದಾಗದಂತೆ ಆ ಕೈಯನ್ನು ಕೆಳಗಿಟ್ಟೆ.

ಅತ್ತೆ ಕಣ್ಣು ತೆರೆಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಎಡಗೈ ತೆಗೆದು ನನ್ನ ತೊಡೆಯ ಮೇಲಿಟ್ಟರು. ನಾನು ಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ.